ನನಗೆ ಬಿಡಿ

ಆಪರೇಷನ್ನಿಗೆ ಇಷ್ಟು, ಅರಿವಳಿಕೆ ಕೊಟ್ಟವರಿಗೆ ಇಷ್ಟು, ಕಣ್ಣೊಳಗೆ ತುಂಬಿದ ಗಾಳಿಗೆ ಇಷ್ಟು, ಕಿಟಕಿಯಿರುವ ಒಂಟಿ ಕೋಣೆಗೆ ದಿನಕ್ಕೆ ಇಷ್ಟು, ಬೋರಲು ಮಲಗುವವರಿಗೆಂದೇ ನಡುವೆ ತೂತು ಬಿಟ್ಟ ದಿಂಬಿಗೆ ಬೇರೆ. ಬಿಲ್ಲಿನ ಕೌಂಟರಿನ ಹೆಂಗಸು ಪೆನ್ನಿನ ತುದಿಯಿಂದ ಒಂದೊಂದೇ ಸಾಲನ್ನು ಮುಟ್ಟುತ್ತಾ ಇಳಿದು, ಕೊನೆಯ ಸಾಲಿನಲ್ಲಿ ನಿಂತು, “ನೀವು ಕಟ್ಟಬೇಕಾದ್ದು ಏನೂ ಇಲ್ಲ ಮೇಡಂ. ಎಲ್ಲಾ ನಿಮ್ಮ ಕಂಪನಿದೇ” ಎಂದಳು. ಹಿಂದೆ ನಿಂತಿದ್ದ ಮುದುಕರೊಬ್ಬರು ಕತ್ತು ಚಾಚಿ ಆ ಸೊನ್ನೆಯನ್ನು ನೋಡಿದರು, ಆಮೇಲೆ ತಮ್ಮ ಕೈಲಿದ್ದ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮಾವನ ಕಣ್ಣಿನ ಬಿಲ್ಲು ಕಟ್ಟಲು ಬಂದಿದ್ದ ಅವಳಿಗೆ ನಾಚಿಕೆಯಾಯಿತು. “ದಿಂಬೂನಾ?” ಎಂದು ಕೇಳಿದಳು. “ದಿಂಬೂನೂ” ಎಂದು ಆ ಹೆಂಗಸು ನಕ್ಕಳು. ದಿಂಬಿಗಾದರೂ ಕೈಯಿಂದ ಕೊಡುವಂತಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿದ್ದು ಯಾಕೆ ಎಂದು ಹೇಳಿದ್ದರೆ ಆ ಹೆಂಗಸಿಗೆ ಅರ್ಥವಾಗುತ್ತಿರಲಿಲ್ಲ.

ಈ ‘ಏನೂ ಇಲ್ಲ’ ಅವಳಿಗೆ ಹೊಸದಲ್ಲ. ಲೋಕದ ಎಷ್ಟೋ ಮನೆಗಳ ಫೋಟೋಗಳನ್ನು ತನ್ನ ಯಂತ್ರಗಳಲ್ಲಿ ಜೋಪಾನವಾಗಿಟ್ಟು, ಕೇಳಿದ ಗಳಿಗೆಯಲ್ಲಿ ತೋರಿಸುವ ಆ ದೊಡ್ಡ ಕಂಪನಿಯಲ್ಲಿ ಕಾಫಿಗೆ ಕಾಸಿಲ್ಲ, ಊಟಕ್ಕಿಲ್ಲ, ಮನೆಯಿಂದ ಕರೆದೊಯ್ಯುವ ಬಸ್ಸಿಗಿಲ್ಲ. ಬೆನ್ನು ನೋಯುತ್ತದೆ ಎಂದು ಒಮ್ಮೆ ಬಾಯಿಬಿಟ್ಟರೆ ಮಾರನೆಯ ದಿನ ಹೊಸ ಕುರ್ಚಿ ಬಂದು ಕೂತಿರುತ್ತದೆ. ಅತ್ತೆ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇಂಥದೇ ಕಿಟಕಿಯ ಪಕ್ಕದಲ್ಲಿ. ಆಗ ಕಂಪನಿಯ ವಿಮೆ ಇಲ್ಲದಿದ್ದರೆ ಮನೆ ಮಾರಬೇಕಾಗುತ್ತಿತ್ತು ಎಂದು ಗಂಡ ಈಗಲೂ ಹೇಳುತ್ತಾನೆ, ಅದು ಸುಳ್ಳಲ್ಲ. ಮಾವನಿಗಂತೂ ಕಂಪನಿಯೆಂದರೆ ಕೈ ಬಿಚ್ಚಿ ಕೊಡುವ ಬೀಗರ ಮನೆಯ ಹಾಗೆ. ಬಸ್ ಡಿಪೋದ ಹಳೇ ಡ್ರೈವರುಗಳು ಸಂಜೆ ಕೂಡುವ ಕಟ್ಟೆಯ ಮೇಲೆ ಅವರು ಬಾಯಿ ತೆರೆದು ತೋರಿಸಿ, “ಇವು ಕಂಪನಿ ಹಲ್ಲು ಕಣಯ್ಯ. ಜೋರಾಗಿ ನಗಬೇಕಾದ್ರೂ ಸೊಸೆ ಪರ್ಮಿಷನ್ ಬೇಕು” ಅನ್ನುತ್ತಿದ್ದರಂತೆ. ವಿಮೆಯ ಕಾರ್ಡು ಅವಳ ಹೆಸರಿನಲ್ಲಿ ಇದ್ದುದರಿಂದ ಮನೆಯವರ ಮೈಗಳೂ ಮೆಲ್ಲಗೆ ಅವಳ ಹೆಸರಿಗೆ ಬಂದಿದ್ದವು. ಯಾರಿಗೆ ಕೆಮ್ಮಾದರೂ, ಮಂಡಿ ನೋವಾದರೂ, ಮಾತು ಕೊನೆಗೆ ಅವಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಇದು ಹೊರೆಯೆಂದು ಅವಳಿಗೆ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು. “ನನಗೆ ಬಿಡಿ” ಎಂದು ಹೇಳುವಾಗ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು.

ಮೊದಲ ಮಹಡಿಯ ಬೆಂಚಿನ ಮೇಲೆ ಗಂಡನೂ ನಾದಿನಿಯೂ ಕೂತಿದ್ದರು. ಗಂಡ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವನು. ರಾತ್ರಿಯೆಲ್ಲ ತಂದೆಯ ಪಕ್ಕದಲ್ಲಿದ್ದು ಈಗ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಶಾಲೆಯ ಸಮವಸ್ತ್ರ ಮಾರುವ ಅಂಗಡಿಯನ್ನು ಮುಚ್ಚಿಕೊಂಡು ಬಂದಿದ್ದ ನಾದಿನಿಯ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ.

“ಬಿಲ್ಲು?” ಎಂದು ಗಂಡ ಕಣ್ಣು ತೆರೆಯದೆ ಕೇಳಿದ.

“ಏನೂ ಇಲ್ಲ ರೀ.”

“ಪುಣ್ಯ” ಎಂದ ಅವನು.

“ಹೌದಪ್ಪ, ಪುಣ್ಯ” ಎಂದಳು ನಾದಿನಿ. “ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮ್ಮ ಕಂಪನಿ ಮಷೀನು ಕೂಗಿದ್ರೆ ಬಚ್ಚಲಿಂದ ಸೋಪು ಮೈಲೇ ಎದ್ದು ಓಡಿ ಬರ್ತೀರಿ. ಅಪ್ಪನ ಕೊರಳಿಗೂ ಒಂದು ಗಂಟೆ ಕಟ್ಟಿದ್ರೆ ಆಗ್ತಿತ್ತು.”

“ಸುಮ್ನಿರೇ” ಎಂದ ಗಂಡ.

“ಯಾಕೆ ಸುಮ್ನಿರ್ಲಿ? ನನಗೂ ಹೇಳಿದ್ರು ಅಪ್ಪ. ಫೋನ್‌ನಲ್ಲಿ. ಎಡಗಡೆ ಕರೀ ಬಟ್ಟೆ ಇಳಿಬಿಟ್ಟ ಹಾಗಾಗುತ್ತೆ ಕಣೇ ಅಂದ್ರು. ಅತ್ತಿಗೆಗೆ ಹೇಳಿದ್ಯಾ ಅಂದೆ. ಹೇಳಿದೆ, ನನಗೆ ಬಿಡಿ ಅಂದಳು ಅಂದ್ರು. ಸರಿ, ಇನ್ನೇನು ಅಂತ ಗಿರಾಕಿ ಕಡೆ ತಿರುಗಿದೆ. ನಿನಗೂ ಹೇಳಿರ್ಲಿಲ್ವೇನೋ ಅಣ್ಣ?” ಎಂದು ಕೇಳಿ, ಅವನ ಉತ್ತರಕ್ಕೆ ಕಾಯದೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ಕಣ್ಣು ತೆರೆದ, ಆದರೆ ಯಾರನ್ನೂ ನೋಡಲಿಲ್ಲ.

ಕಂಪನಿಯಲ್ಲಿ ಆರು ವಾರಕ್ಕೊಮ್ಮೆ ಅವಳ ಪಾಳಿ. ಆ ವಾರ ಯಂತ್ರಗಳಲ್ಲಿ ಎಲ್ಲಿ ಏನು ಕೆಟ್ಟರೂ ಮೊದಲು ಕೂಗುವುದು ಅವಳ ಫೋನು. ಅವಳು ಎತ್ತದಿದ್ದರೆ ಇನ್ನೊಬ್ಬರದು ಕೂಗುತ್ತದೆ, ಅವರೂ ಎತ್ತದಿದ್ದರೆ ಮತ್ತೊಬ್ಬರದು, ಹೀಗೆ ಮೇಲಿನ ತನಕ. ಕೂಗುವ ಫೋನಿನ ಮೇಲೆ ಒಂದು ಹಸಿರು ಗುಂಡಿ ಮೂಡುತ್ತದೆ: ‘ವಹಿಸಿಕೊಂಡೆ.’ ಅದನ್ನು ಒಬ್ಬರು ಒತ್ತಿದರೆ ಸಾಕು, ಎಲ್ಲರ ಫೋನೂ ಸುಮ್ಮನಾಗುತ್ತದೆ. ಕೆಟ್ಟದ್ದು ಕೆಟ್ಟೇ ಇರುತ್ತದೆ, ಕೂಗು ಮಾತ್ರ ನಿಲ್ಲುತ್ತದೆ. ಆದ್ದರಿಂದ ಗುಂಡಿ ಒತ್ತಿ ಮಗ್ಗುಲಾಗಿ ಮಲಗುವುದು ಅವರ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ಹೊಸಬರು ಸೇರಿದಾಗ ಇದನ್ನು ಹೇಳಿಕೊಡುವುದು ಅವಳ ಕೆಲಸವೇ ಆಗಿತ್ತು. “ನೀವು ಒತ್ತದೇ ಇದ್ರೆ ಪರವಾಗಿಲ್ಲ, ಇನ್ನೊಬ್ಬರು ಏಳ್ತಾರೆ. ಒತ್ತಿ ಮರೆತ್ರೆ ಮಾತ್ರ ಯಾರೂ ಏಳಲ್ಲ” ಎಂದು ಅವಳು ಹೇಳಿದರೆ ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದವಳಿಗೆ ಆ ಪಾಠ ತನ್ನದೇ ದನಿಯಲ್ಲಿ ಕೇಳಿಸಿತು. ಮುಖ್ಯಸ್ಥ ಬೆಳಗ್ಗೆಯೇ ಸಂದೇಶ ಕಳಿಸಿದ್ದ: ಬರಬೇಡಿ, ಎಷ್ಟು ದಿನ ಬೇಕೋ ಅಷ್ಟು ದಿನ ಇರಿ, ಇಲ್ಲಿನದು ನಾವು ನೋಡಿಕೊಳ್ಳುತ್ತೇವೆ. ಬಾಯುಪಚಾರವಲ್ಲ, ಅವನು ಅಂಥವನೇ. ಆದರೂ ಅವಳು ಹೊರಟಳು. ಡಾಕ್ಟರು ಬರುವುದು ಸಂಜೆಗೆ. ಅಲ್ಲಿಯವರೆಗೆ ಆ ಬೆಂಚಿನ ಮೇಲೆ ಕೂತು ಗಂಡನ ಮೌನವನ್ನೂ ನಾದಿನಿಯ ಟೇಪನ್ನೂ ನೋಡುವುದಕ್ಕಿಂತ, ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂದು ತನಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗಕ್ಕೆ ಹೋಗಿ ಬರಬೇಕೆನಿಸಿತ್ತು. ಮಧ್ಯಾಹ್ನ ಸಭೆಯಿತ್ತು. ಅವಳ ಪಾಳಿಯ ವಾರದಲ್ಲಿ ಯಂತ್ರಗಳು ಕೆಟ್ಟ ಆ ಸಂಜೆಯ ಬಗ್ಗೆ.

ಕಂಪನಿಯ ಬಾಗಿಲು ಅವಳ ಗುರುತಿನ ಚೀಟಿಗೆ ಪಕ್ಕನೆ ತೆರೆದುಕೊಂಡಿತು. ಎಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಮನಿಸಿದಳು. ಒಳಗಿನ ತಂಪು, ಯಾವ ಕಾಲದಲ್ಲೂ ಒಂದೇ ಹದ. ನೆಲದ ಮೇಲೆ ಹೆಜ್ಜೆಯ ಸದ್ದಾಗದ ರತ್ನಗಂಬಳಿ. ಜನ ಅವಳನ್ನು ಕಂಡು ದನಿ ತಗ್ಗಿಸಿದರು, ಒಬ್ಬಳು ಬಂದು ಅಪ್ಪಿಕೊಂಡಳು, ಯಾರೋ ಕಾಫಿ ತಂದಿಟ್ಟರು. ಅವಳ ಬಾಕಿ ಕೆಲಸವನ್ನೆಲ್ಲ ಕೇಳದೇ ತನ್ನ ತಲೆಗೆ ಹಾಕಿಕೊಂಡಿದ್ದವನು ಎಲ್ಲರೂ ಗಡ್ಡ ಎಂದು ಕರೆಯುವ ಸಹೋದ್ಯೋಗಿ. ಎರಡು ರಾತ್ರಿ ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿತ್ತು.

“ಯಾಕಕ್ಕ ಬಂದ್ರಿ? ನಾವೆಲ್ಲ ಸತ್ತು ಹೋಗಿದೀವಾ ಇಲ್ಲಿ?”

“ಸುಮ್ನೆ ಬಂದೆ ಗಡ್ಡ. ನಿನ್ನ ಮುಖ ನೋಡಿ ಹೋಗೋಣ ಅಂತ.”

“ನೋಡೋಕೆ ಮುಖ ಎಲ್ಲಿದೆ, ಬರೀ ಕೂದ್ಲು. ಮಾವ ಹೇಗಿದಾರೆ?”

“ಬೋರಲು ಮಲಗಿದಾರೆ.”

ಅವನು ನಗಬೇಕೋ ಬೇಡವೋ ತಿಳಿಯದೆ ತಲೆ ಕೆರೆದುಕೊಂಡ. ಇಂಥವರ ನಡುವೆ ಕೆಲಸ ಮಾಡಿದ್ದೇನೆ, ಎಂದುಕೊಂಡಳು; ಇದನ್ನು ಯಾರು ಕೇಳಿದರೂ ಹೇಳಬಲ್ಲೆ. ಹೇಳಲಾರದ್ದು ಇನ್ನೊಂದಿತ್ತು.

ಏನಾದರೂ ಕೆಟ್ಟು ಸರಿಯಾದ ಮೇಲೆ ನಡೆಯುವ ಈ ಸಭೆಗೆ ಒಂದೇ ಕಟ್ಟಳೆ: ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ಹೆಸರು ಹೇಳುವ ಹಾಗೂ ಇಲ್ಲ, ‘ಪಾಳಿಯವರು’ ಅನ್ನಬೇಕು. ಮನುಷ್ಯರು ತಪ್ಪುತ್ತಾರೆ, ತಪ್ಪದ ಹಾಗೆ ವ್ಯವಸ್ಥೆ ಕಟ್ಟುವುದು ನಮ್ಮ ಕೆಲಸ ಎಂದು ಮುಖ್ಯಸ್ಥ ಪ್ರತಿ ಸಲ ಶುರುವಿನಲ್ಲಿ ಹೇಳುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಮಾತು ಕೇಳಿ ಅವಳಿಗೆ ಅಳು ಬಂದಿತ್ತು. ಬೆಳೆದ ಮನೆಯಲ್ಲಿ ಲೋಟ ಒಡೆದರೆ ಮೂರು ದಿನ ಲೋಟದ್ದೇ ಮಾತು. ಇಲ್ಲಿ ಸಾವಿರ ಲೋಟ ಒಡೆದವಳನ್ನು ಕೂರಿಸಿ, ಕಪಾಟು ಎತ್ತರವಾಯಿತೇನೋ, ತಗ್ಗಿಸೋಣ ಅನ್ನುತ್ತಾರೆ. ಗೋಡೆಯ ಮೇಲಿನ ದೊಡ್ಡ ಸ್ಕ್ರೀನಿನಲ್ಲಿ ಆ ಸಂಜೆಯ ಒಂದೊಂದು ನಿಮಿಷವೂ ಸಾಲು ಸಾಲಾಗಿ ಮೂಡಿತು. ನಲವತ್ತು ನಿಮಿಷ ಎಷ್ಟೋ ಮನೆಗಳಲ್ಲಿ ಫೋಟೋಗಳು ತೆರೆಯದೆ, ಮುಖಗಳಿರಬೇಕಾದ ಕಡೆ ಬೂದು ಚೌಕಗಳು ನಿಂತಿದ್ದವು. ‘ಏನು ಚೆನ್ನಾಗಿ ನಡೆಯಿತು’ ಎಂಬ ತಲೆಬರಹದ ಕೆಳಗೆ ಮೊದಲ ಸಾಲನ್ನು ಮುಖ್ಯಸ್ಥ ಓದಿದ: “ಏಳು ನಲವತ್ತೆರಡಕ್ಕೆ ಎಚ್ಚರಿಕೆ ಕೂಗಿತು. ಏಳು ನಲವತ್ತೆರಡಕ್ಕೇ ಪಾಳಿಯವರು ವಹಿಸಿಕೊಂಡರು. ಒಂದು ನಿಮಿಷವೂ ಹೋಗಲಿಲ್ಲ. ಕಟ್ಟಳೆ ಮುರಿದು ಹೇಳ್ತೀನಿ, ಆ ಪಾಳಿಯವರು ಯಾರು ಅಂತ ನಮಗೆಲ್ಲ ಗೊತ್ತು.” ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

ಏಳು ನಲವತ್ತೆರಡಕ್ಕೆ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲೆ. ಮೊದಲೇ ಅದಕ್ಕೆ ಒಮ್ಮೆ ಡಿಕ್ಕಿ ಹೊಡೆದಿದ್ದರು, ಅವಳಿಗೆ ಸದ್ದು ಕೇಳಿಸಿತ್ತು. “ನೋಡಮ್ಮ, ಏನೋ ಒಂಥರಾ ಆಗ್ತಿದೆ. ಎಡಗಣ್ಣಲ್ಲಿ ಮಿಂಚು ಮಿಂಚಿದ ಹಾಗೆ. ಮೂಲೆಯಿಂದ ಕರೀ ಬಟ್ಟೆ ಇಳಿಬಿಟ್ಟ ಹಾಗೆ. ನೋವೇನಿಲ್ಲ, ನೋವಿಲ್ಲ ಬಿಡು” ಎಂದರು. ನೋವಿಲ್ಲ ಎಂದು ಎರಡು ಸಲ ಹೇಳಿದ್ದು ಅವಳನ್ನು ಸಮಾಧಾನ ಮಾಡಲು. ಯಾರಿಗೂ ತೊಂದರೆ ಕೊಡದೆ ಬಸ್ಸು ನಿಲ್ದಾಣಕ್ಕೆ ತರುವುದು ಅವರ ಇಡೀ ಬಾಳಿನ ಅಭ್ಯಾಸ. ಆಗಲೇ ಅವಳ ಫೋನು ಕೂಗಿದ್ದು. ಅವಳು ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದಳು, ಬಾಯಿಂದ “ಸರಿ ಮಾವ, ನನಗೆ ಬಿಡಿ” ಎಂದಳು. ಎರಡೂ ಒಂದೇ ಉಸಿರಿನಲ್ಲಿ. ಆಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಚಪ್ಪಾಳೆಯ ನಡುವೆ ಅವಳಿಗೆ ನೆನಪಾದದ್ದು ಆ ನಲವತ್ತು ನಿಮಿಷ ತಾನು ಎಷ್ಟು ಖುಷಿಯಾಗಿದ್ದೆ ಎಂಬುದು. ಫೋನಿನ ಆ ಕಡೆ ಗಡ್ಡ, ಇನ್ನಿಬ್ಬರು, ಬೆಂಕಿ ಬಿದ್ದ ಮನೆಗೆ ನೀರಿನ ಕೊಡ ಕೈಯಿಂದ ಕೈಗೆ ದಾಟಿಸುವವರ ಹಾಗೆ ಮಾತು ದಾಟಿಸುತ್ತಾ, ಬೈಯುತ್ತಾ, ನಗುತ್ತಾ, ಎಲ್ಲಿ ತಪ್ಪಿದೆಯೆಂದು ಅವಳೇ ಮೊದಲು ಹಿಡಿದು “ಸಿಕ್ತು!” ಎಂದು ಕೂಗಿದ್ದು. ಅಷ್ಟು ಚುರುಕು, ಅಷ್ಟು ಉಪಯೋಗದವಳು ತಾನು ಎಂದು ಬೇರೆ ಯಾವ ಹೊತ್ತಿನಲ್ಲೂ ಅನ್ನಿಸುತ್ತಿರಲಿಲ್ಲ. ಬೂದು ಚೌಕಗಳೆಲ್ಲ ಮುಖಗಳಾಗಿ ತೆರೆದುಕೊಂಡ ಮೇಲೆ ಹೊರಗೆ ಬಂದರೆ, ಮಾವ ಊಟ ಮುಗಿಸಿ ತಟ್ಟೆ ತೊಳೆದಿಟ್ಟು ಮಲಗಿಬಿಟ್ಟಿದ್ದರು. ಅವರು ಏನೋ ಹೇಳಿದ್ದರಲ್ಲ ಎಂದು ಹಲ್ಲುಜ್ಜುವಾಗ ಒಮ್ಮೆ ಬಂದು ಹೋಯಿತು. ಬೆಳಗ್ಗೆ ಅದೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಮಾವ ಮನೆಯೊಳಗೆ ಓಡಾಡುವಾಗ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ ಹೆಜ್ಜೆಯಿಡುತ್ತಿದ್ದರು. “ಅಪ್ಪ ಇನ್ನೂ ಬಸ್ಸು ಓಡಿಸ್ತಿದಾನೆ ನೋಡು, ಎಡಗಡೆ ಕನ್ನಡಿ ನೋಡ್ಕೊಂಡು” ಎಂದು ಗಂಡ ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾವನೂ. ಮತ್ತೆ ಅವರು ಬಾಯಿಬಿಟ್ಟು ಕೇಳಲಿಲ್ಲ. ವಹಿಸಿಕೊಂಡವರನ್ನು ಕೇಳುತ್ತಾ ಕೂರುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು. ದಿನಾ ಬೆಳಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವುದು ಅವರ ಕೆಲಸ. ಒಂಬತ್ತನೆಯ ದಿನ ರಾತ್ರಿ ಊಟಕ್ಕೆ ಕೂತಾಗ ಮಗು ಹೇಳಿತು: “ಅಮ್ಮ, ನಾನೀಗ ತಾತನ ಕಂಡಕ್ಟರ್. ರಸ್ತೆ ದಾಟುವಾಗ ನನ್ನನ್ನ ಎಡಗಡೆ ನಿಲ್ಲಿಸ್ಕೊಂಡು, ಆ ಕಡೆ ನೀನೇ ನೋಡವ್ವ, ಖಾಲಿ ಇದ್ರೆ ರೈಟ್ ಅನ್ನು ಅಂತಾರೆ. ನಾನು ರೈಟ್ ಅಂದ್ಮೇಲೇ ತಾತ ಹೊರಡೋದು.” ಗಂಡ ಗೊಳ್ಳೆಂದು ನಕ್ಕ. ಅವಳ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಮಾವ ತಟ್ಟೆಯ ಕಡೆ ಬಗ್ಗಿಕೊಂಡು, “ಒಳ್ಳೇ ಕಂಡಕ್ಟರು, ಚಿಲ್ಲರೆ ಮಾತ್ರ ಕೊಡಲ್ಲ” ಎಂದರು. ಆಮೇಲೆ ಎಲ್ಲವೂ ಸರಸರನೆ ನಡೆಯಿತು. ಕಂಪನಿಗೆ ಒಂದು ಫೋನು ಮಾಡಿದ್ದಕ್ಕೆ ಬೆಳಕು ಹರಿಯುವ ಮೊದಲೇ ಕಾರು ಬಾಗಿಲಲ್ಲಿ ನಿಂತಿತ್ತು, ಹೆಸರಾಂತ ಡಾಕ್ಟರು, ಕಿಟಕಿಯಿರುವ ಕೋಣೆ. ಒಂದು ಫೋನು. ಅಷ್ಟೇ ಬೇಕಿದ್ದದ್ದು.

“ನೀವೇನಾದ್ರೂ ಹೇಳೋದಿದೆಯಾ?” ಎಂದು ಮುಖ್ಯಸ್ಥ ಕೇಳುತ್ತಿದ್ದ. ಚಪ್ಪಾಳೆ ನಿಂತಿತ್ತು. ಅವಳು ಬಾಯಿ ತೆರೆದಳು. ಹೇಳಿದರೆ ಇವರು ಏನನ್ನುತ್ತಾರೆಂದು ಅವಳಿಗೆ ಮಾತು ಮಾತಾಗಿ ಗೊತ್ತಿತ್ತು. ನಿಮ್ಮ ತಪ್ಪಲ್ಲ, ಒಬ್ಬರ ಮೇಲೆ ಅಷ್ಟು ಭಾರ ಬಿದ್ದದ್ದು ವ್ಯವಸ್ಥೆಯ ತಪ್ಪು, ಪಾಳಿಯ ವಾರದಲ್ಲಿ ಮನೆಗೆ ಸಹಾಯ ಕೊಡೋಣ, ನೀವು ಯಾರಾದರೂ ತಜ್ಞರ ಹತ್ತಿರ ಮಾತಾಡಿ, ಅದಕ್ಕೂ ದುಡ್ಡು ಕಟ್ಟಬೇಕಿಲ್ಲ. ಎಲ್ಲವೂ ನಿಜ, ಎಲ್ಲವೂ ಒಳ್ಳೆಯ ಮಾತೇ. ಆ ಒಳ್ಳೆಯ ಮಾತುಗಳು ಮೆತ್ತನೆಯ ಕಂಬಳಿಯಂತೆ ತನ್ನ ಮೇಲೆ ಬಿದ್ದು ಹೆಜ್ಜೆಯ ಸದ್ದೇ ಕೇಳದಂತಾಗುವುದು ಅವಳಿಗೆ ಇವತ್ತು ಬೇಡವಾಗಿತ್ತು.

“ಏನಿಲ್ಲ” ಎಂದಳು.

ಸಂಜೆ ಡಾಕ್ಟರು ಪಟ್ಟಿ ಬಿಚ್ಚಿ, ಮಾವನ ಗಲ್ಲ ಹಿಡಿದು ಕಣ್ಣಿಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಅವಳನ್ನು ಬಾಗಿಲ ಹೊರಗೆ ಕರೆದರು. ಗಂಡ ಮಗಳನ್ನು ಕರೆತರಲು ಸ್ಕೂಲಿಗೆ ಹೋಗಿದ್ದ, ನಾದಿನಿ ಅಂಗಡಿ ತೆರೆಯಲು ಹೋಗಿದ್ದಳು. “ಕಣ್ಣಿನ ಹಿಂದುಗಡೆ ಕಿತ್ತು ಬಂದಿದ್ದ ಪದರ ಈಗ ಕೂತ್ಕೊಂಡಿದೆ. ಅದು ಒಳ್ಳೇದಾಯ್ತು, ಕಣ್ಣು ಪೂರ್ತಿ ಕತ್ತಲಾಗಲ್ಲ. ಬೆಳಕು, ಆಕಾರ ಗೊತ್ತಾಗುತ್ತೆ. ಆದ್ರೆ ಮುಖ, ಅಕ್ಷರ ಗುರುತಿಸೋ ನಡುವಿನ ದೃಷ್ಟಿ ಇದೆಯಲ್ಲ, ಅದರ ಆಸೆ ಇಟ್ಕೋಬೇಡಿ.”

“ಮೊದಲೇ ಬಂದಿದ್ರೆ?”

“ಎಷ್ಟು ಮೊದಲು?”

“ಒಂಬತ್ತು ದಿನ.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಉಳೀತಿತ್ತು” ಎಂದರು. ಆಮೇಲೆ, ಅಷ್ಟು ನೇರವಾಗಿ ಹೇಳಬಾರದಿತ್ತೇನೋ ಎಂಬಂತೆ ಅವಳ ತೋಳು ಮುಟ್ಟಿ, “ನೋವಿರಲ್ಲ ನೋಡಿ, ಬಹಳ ಜನಕ್ಕೆ ಗೊತ್ತಾಗೋದೇ ತಡ” ಎಂದು ಮುಂದಿನ ಕೋಣೆಗೆ ಹೋದರು.

ಒಳಗೆ ಮಾವ ಮತ್ತೆ ಬೋರಲಾಗಿದ್ದರು. ಕಣ್ಣೊಳಗಿನ ಗಾಳಿಗುಳ್ಳೆ ಪದರವನ್ನು ಒತ್ತಿಹಿಡಿಯಬೇಕಾದರೆ ವಾರವಿಡೀ ಹೀಗೇ ಇರಬೇಕು. ಮಂಚದ ತಲೆಯ ಕಡೆ ಆಚೆ ಚಾಚಿದ್ದ ದಿಂಬಿನ ತೂತು ನೆಲಕ್ಕೆ ತೆರೆದಿತ್ತು, ಅವರ ಮುಖ ಅದರೊಳಗಿತ್ತು. ಮೇಲಿಂದ ಕಾಣುವುದು ಬೆನ್ನು, ನರೆಗೂದಲಿನ ಕತ್ತು, ಅಷ್ಟೇ. ಆ ಕತ್ತನ್ನು ಉದ್ದೇಶಿಸಿ ಏನನ್ನಾದರೂ ಹೇಳಿಬಿಡುವುದು ಸುಲಭವಿತ್ತು. ಅವಳು ಚಪ್ಪಲಿ ಬಿಟ್ಟು, ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಫೋನನ್ನೂ ಅದರೊಳಗೆ ಹಾಕಿ, ನೆಲದ ಮೇಲೆ ಕೂತು, ಆಮೇಲೆ ಅಂಗಾತ ಮಲಗಿ ಮಂಚದ ಕೆಳಗೆ ಸರಿದಳು. ತಣ್ಣನೆಯ ನೆಲ, ಔಷಧಿ ನೀರಿನಲ್ಲಿ ಒರೆಸಿದ ವಾಸನೆ. ಮೇಲೆ ತೂತಿನಲ್ಲಿ ಮಾವನ ಮುಖ ತೂಗುತ್ತಿತ್ತು, ಕೆನ್ನೆಗಳು ಜೋತು, ಒಂದು ಕಣ್ಣಿಗೆ ಪಟ್ಟಿ. ಬಲಗಣ್ಣು ಅವಳನ್ನು ಕಂಡು ಅಗಲವಾಯಿತು.

“ಏನಮ್ಮ ಇದು, ಗಾಡಿ ಕೆಳಗೆ ಮೆಕ್ಯಾನಿಕ್ ನುಗ್ಗಿದ ಹಾಗೆ?”

“ನಿಮ್ಮ ಹತ್ರ ಮಾತಾಡಬೇಕಿತ್ತು ಮಾವ.”

“ಮಾತಾಡು. ಬೆಳಗ್ಗಿಂದ ಈ ಟೈಲ್ಸ್ ಜೊತೆ ಮಾತಾಡಿ ಸಾಕಾಗಿದೆ. ಉತ್ತರನೇ ಕೊಡಲ್ಲ ನನ್ನ ಮಗಂದು.”

ಅವಳು ನಗಲಿಲ್ಲ. “ಡಾಕ್ಟರು ಹೇಳಿದ್ರು. ಎಡಗಣ್ಣಲ್ಲಿ ಬೆಳಕು ಉಳಿಯುತ್ತಂತೆ. ಮುಖ ಕಾಣಲ್ಲವಂತೆ.”

“ಹೂಂ” ಎಂದರು ಅವರು. “ಅಂದ್ಕೊಂಡಿದ್ದೆ.”

“ಮೊದಲೇ ಬಂದಿದ್ರೆ ಉಳೀತಿತ್ತಂತೆ. ನೀವು ಹೇಳಿದ ದಿನ ನಾನು ಸರಿಯಾಗಿ ಕೇಳಿಸ್ಕೊಳ್ಳಲೇ ಇಲ್ಲ ಮಾವ. ನನಗೆ ಬಿಡಿ ಅಂದು ಮರೆತೆ.”

“ನಿನಗೆ ಅವತ್ತು ಫೋನು ಬಂತಲ್ಲ. ಕೆಲಸ ಅಂದ್ಮೇಲೆ ಕೆಲಸ. ನಾನೇ ಇನ್ನೊಂದ್ಸಲ ಹೇಳಬೇಕಿತ್ತು. ಮಗನಾದ್ರೂ…”

“ಇಲ್ಲ. ಬೇಡಿ. ಹಾಗೆ ಹಂಚಬೇಡಿ” ಎಂದಳು. ದನಿ ತನ್ನದಲ್ಲವೆಂಬಂತೆ ಮಂಚದ ಕಬ್ಬಿಣಕ್ಕೆ ಬಡಿದು ಬಂತು. “ಅವರೆಲ್ಲ ಸುಮ್ಮನಾಗಿದ್ದು ನಾನು ವಹಿಸ್ಕೊಂಡೆ ಅಂತ. ತಪ್ಪು ನಂದು.”

ಹೊರಗೆ ಯಾರದೋ ಗಾಲಿಕುರ್ಚಿ ಕಿರುಗುಟ್ಟುತ್ತಾ ಹೋಯಿತು. ಮಾವನ ಬಲಗಣ್ಣು ಅವಳ ಮುಖದ ಮೇಲೇ ಇತ್ತು, ಹಣೆಯಿಂದ ಗಲ್ಲದವರೆಗೆ, ಎಡ ಕೆನ್ನೆಯಿಂದ ಬಲ ಕೆನ್ನೆಗೆ, ಹೊರಡುವ ಮುಂಚೆ ಬಸ್ಸನ್ನು ಒಂದು ಸುತ್ತು ನೋಡುವವರ ಹಾಗೆ.

“ಹೌದಮ್ಮ” ಎಂದರು ಕೊನೆಗೆ. “ನಿಂದೇ.”

ಅವಳ ಎದೆಯಲ್ಲಿ ಎರಡು ದಿನದಿಂದ ಕೂಗುತ್ತಿದ್ದದ್ದು ನಿಂತಿತು. ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಗಳಿಗೆ ಹೋಯಿತು, ಅಂಗಾತ ಮಲಗಿದ್ದರಿಂದ.

“ಅಳ್ತಾ ಮಲಗಿದ್ರೆ ನೆಗಡಿ ಆಗುತ್ತೆ, ನೆಲ ತಣ್ಣಗಿದೆ. ಎದ್ದು ಒಂಚೂರು ನೀರು ಕೊಡು. ಆ ಕೊಳವೆ ಹಾಕಿ ಕೊಡು, ಇಲ್ಲದಿದ್ರೆ ಎಲ್ಲಾ ಮೂಗಿಗೆ ಹೋಗುತ್ತೆ.”

ಅವಳು ಸರಿದು ಹೊರಬಂದು ಲೋಟಕ್ಕೆ ನೀರು ಬಗ್ಗಿಸಿ, ಮತ್ತೆ ಮಂಚದ ಕೆಳಗೆ ಹೋಗಿ, ಕೊಳವೆಯ ತುದಿಯನ್ನು ಅವರ ತುಟಿಗೆ ಹಿಡಿದಳು. ಅವರು ನಿಧಾನವಾಗಿ ಪೂರ್ತಿ ಕುಡಿದರು.

ಆ ಆಪರೇಷನ್ನಿಗೆ ಮನೆಯಿಂದ ಏನೂ ಖರ್ಚಾಗಲಿಲ್ಲ. ಮಾವನ ಎಡಗಣ್ಣಿಗೆ ಬೆಳಕು ಉಳಿಯಿತು, ಮುಖಗಳು ಹೋದವು. ಅವಳು ಕೆಲಸ ಬಿಡಲಿಲ್ಲ. ಪಾಳಿಯೂ ಮೊದಲಿನಂತೆ ಆರು ವಾರಕ್ಕೊಮ್ಮೆ ಬರುತ್ತದೆ. ಬೆಳಗ್ಗೆ ಮಗಳನ್ನು ಸ್ಕೂಲಿಗೆ ಬಿಡುವ ಕೆಲಸ ಮಾವನ ಕೈತಪ್ಪಿ ಅವಳಿಗೆ ಬಂತು. ರಸ್ತೆ ದಾಟುವಾಗ ಮಗು ಈಗಲೂ ರೂಢಿಯಂತೆ ಎಡಗಡೆಗೆ ಬಂದು ನಿಲ್ಲುತ್ತದೆ.